ಢಾಕಾಕ್ಕೆ ಬೆಳೆದ ದ್ರಾಕ್ಷಿ

ತಿಕೋಟಾ ದಾಟಿ ಕನಮಡಿಯ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ಅಕ್ಕನ ಮನೆ. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಅಕ್ಕನ ಗಂಡ ಅದರ ಹಾಳೆ ತಿರುವಿ, ರಮ್ಜಾನ್ ತಿಂಗಳು ಯಾವಾಗ ಹಿಡಿಯುತ್ತದೆ ಎಂದು ನೋಡಿ, ಮುಂದಿನ ವರ್ಷದ್ದನ್ನೂ ಅದರಿಂದಲೇ ಲೆಕ್ಕ ಹಾಕುತ್ತಿದ್ದರು. ಅವರನ್ನು ನಾನು ಮಾವ ಎಂದು ಕರೆಯುತ್ತೇನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಪೂಜೆಯಾಗದೆ ನೀರನ್ನೂ ಮುಟ್ಟದ ಮನುಷ್ಯ. ಆದರೆ ಅವರ ಒಕ್ಕಲುತನದ ವರ್ಷ ನಡೆಯುತ್ತಿದ್ದುದು ದೂರದ ದೇಶವೊಂದರ ಜನರ ಉಪವಾಸವನ್ನು ಅನುಸರಿಸಿ.

ಕಾರಣ ಸರಳ. ನಮ್ಮ ಕಡೆಯ ದ್ರಾಕ್ಷಿಗೆ ಬಾಂಗ್ಲಾದೇಶದಲ್ಲಿ ಬೇಡಿಕೆ ಇತ್ತು. ಅದರಲ್ಲೂ ರಮ್ಜಾನ್ ತಿಂಗಳಲ್ಲಿ, ಸಂಜೆ ಉಪವಾಸ ಬಿಡುವ ಹೊತ್ತಿಗೆ ಮನೆಮನೆಯಲ್ಲಿ ಹಣ್ಣು ಬೇಕು. ಆ ತಿಂಗಳ ಆರಂಭಕ್ಕೆ ಸರಿಯಾಗಿ ಢಾಕಾ ಮುಟ್ಟುವ ಹಣ್ಣಿಗೆ ಬರುವ ದರ ಬೇರೆ ಯಾವ ಹಣ್ಣಿಗೂ ಬರುತ್ತಿರಲಿಲ್ಲ. ಬಳ್ಳಿ ಕತ್ತರಿಸುವ ಕೆಲಸಕ್ಕೆ ನಮ್ಮಲ್ಲಿ ಚಾಟನಿ ಅನ್ನುತ್ತಾರೆ. ಚಾಟನಿಯಾದ ದಿನದಿಂದ ಹಣ್ಣು ಕೈಗೆ ಬರಲು ನಾಲ್ಕು ತಿಂಗಳು, ಮೇಲೆ ಒಂದಿಷ್ಟು ದಿನ ಬೇಕು. ಹಾಗಾಗಿ ತಿಕೋಟಾ, ಕಳ್ಳಕವಟಗಿ, ಕನಮಡಿಯ ಬೆಳೆಗಾರರಲ್ಲಿ ಕೆಲವರು ರಮ್ಜಾನಿನ ಚಂದ್ರನಿಂದ ಹಿಂದಕ್ಕೆ ಎಣಿಸಿ ಚಾಟನಿಗೆ ದಿನ ಗೊತ್ತು ಮಾಡುತ್ತಿದ್ದರು. ಈ ಎಣಿಕೆಯಲ್ಲಿ ಒಂದು ತೊಡಕಿತ್ತು. ರಮ್ಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಅದರ ಬೆನ್ನು ಹಿಡಿದ ಚಾಟನಿಯೂ ಹಿಂದಕ್ಕೆ ಸರಿಯುತ್ತ ಸರಿಯುತ್ತ ಮಳೆಗಾಲದೊಳಗೆ ಕಾಲಿಟ್ಟಿತ್ತು. ಮಳೆಯಲ್ಲಿ ಚಿಗುರಿದ ಬಳ್ಳಿಗೆ ಡೌನಿ ರೋಗ ತಪ್ಪಿದ್ದಲ್ಲ. ಒಣದ್ರಾಕ್ಷಿಗಾಗಿ, ಅಂದರೆ ಮಣೂಕಕ್ಕಾಗಿ ಬೆಳೆಯುವವರು ಮಳೆ ಪೂರ್ತಿ ಹೋಗುವ ತನಕ ಕಾಯುತ್ತಾರೆ. ಢಾಕಾದ ಮೇಲೆ ಕಣ್ಣಿಟ್ಟವರಿಗೆ ಕಾಯುವ ಅವಕಾಶವಿರಲಿಲ್ಲ.

ನಾನು ವಿಜಯಪುರದಲ್ಲಿ ಪತ್ರಿಕೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಸುದ್ದಿ ಸಂಸ್ಥೆಗಳಿಂದ ಬಂದದ್ದನ್ನು ಓದಿ, ಇರುವ ಜಾಗಕ್ಕೆ ಹೊಂದುವಂತೆ ಕತ್ತರಿಸುವುದು ಅದರಲ್ಲಿ ದೊಡ್ಡ ಪಾಲು. ರಜೆಯ ದಿನ ಬಸ್ಸು ಹಿಡಿದು ಅಕ್ಕನ ಮನೆಗೆ ಹೋಗುತ್ತಿದ್ದೆ. ಒಮ್ಮೆ ಪಡದಲ್ಲಿ ಕುಳಿತಿದ್ದಾಗ ಮಾವ ಕೇಳಿದ್ದರು. ದ್ರಾಕ್ಷಿ ತೋಟಕ್ಕೆ ಅಲ್ಲಿ ಪಡ ಅನ್ನುವುದು ರೂಢಿ.

"ಆ ದೇಶ ಎಷ್ಟ ದೊಡ್ಡದೈತಿ ತಮ್ಮಾ?"

"ಸಣ್ಣದ್ರಿ ಮಾಂವ. ನಮ್ಮ ಕರ್ನಾಟಕಕ್ಕಿಂತಾನೂ ಸಣ್ಣದು."

"ಸಣ್ಣದಿದ್ರೂ ತಿನ್ನೂ ಬಾಯಿ ಭಾಳ ಅದಾವ ತಗೋ," ಎಂದು ನಕ್ಕರು. "ನಮ್ಮಂಥಾ ದೊಡ್ಡ ದೇಶದಾಗ ನಮ್ಮ ಹಣ್ಣ ಕೇಳವ್ರಿಲ್ಲ. ಅವ್ರು ಕೇಳ್ತಾರ."

ಅಕ್ಕ ಅಲ್ಲೇ ಹುಲ್ಲು ಕೀಳುತ್ತಿದ್ದಳು. "ಇವ್ರಿಗಿ ಯುಗಾದಿ ಯಾವಾಗ ಅಂತ ಕೇಳು, ಗೊತ್ತಿರಂಗಿಲ್ಲ. ಢಾಕಾದಾಗ ರೋಜಾ ಎಷ್ಟ ಗಂಟೇಕ್ಕ ಬಿಡ್ತಾರಂತ ಕೇಳು, ನಿದ್ದಿಗಣ್ಣಾಗ ಹೇಳ್ತಾರ," ಎಂದಳು.

ಪಡ ಮಾವನೊಬ್ಬರದಲ್ಲ. ಹೊಲ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿತ್ತು. ಮಾವನ ಅಣ್ಣ ಬಬಲೇಶ್ವರದ ಆಚೆ, ಜೈನಾಪುರದ ಬಳಿ ಇನ್ನೊಂದು ಹೊಲ ನೋಡಿಕೊಂಡು ಅಲ್ಲಿಯೇ ಇರುತ್ತಾರೆ. ಆ ಭಾಗಕ್ಕೆ ಕಾಲುವೆ ನೀರು ಬಂದ ಮೇಲೆ ಅವರು ಕಬ್ಬು ಹಚ್ಚಿದರು. ನೀರು ಈ ಕಡೆಗೂ ಬಂದಿತ್ತು. ನೀರಿಲ್ಲ ಎಂಬ ಹಳೆಯ ಮಾತು ಈಗ ಯಾರೂ ಆಡುವಂತಿಲ್ಲ. ಕಬ್ಬಿಗೆ ಚಂದ್ರನೂ ಬೇಡ, ಗಡಿಯೂ ಬೇಡ, ಕಾರ್ಖಾನೆಯ ಲಾರಿ ಬಂದರೆ ಸಾಕು ಎಂಬುದು ಅಣ್ಣನ ವಾದ. ಹೋದ ವರ್ಷ ಚಾಟನಿಯ ಮುಂಚೆ ಅವರು ಬಂದು ಕಟ್ಟೆಯ ಮೇಲೆ ಕುಳಿತು, ನನ್ನ ಮುಂದೆಯೇ ತಮ್ಮನಿಗೆ ಹೇಳಿದರು.

"ನೋಡ್ಪಾ, ನಾ ಜಗಳಾ ಮಾಡಾಕ ಬಂದಿಲ್ಲ. ಈ ಸಲ ಇನ್ನೊಂದ ಸಲ ಮಾಡು. ಮಾಲ ಗಡಿ ದಾಟಿತಂದ್ರ ಪಡ ಇರ್ಲಿ, ನಾ ತುಟಿ ಬಿಚ್ಚಂಗಿಲ್ಲ. ದಾಟಲಿಲ್ಲಂದ್ರ ಕಬ್ಬು. ಮತ್ತ ಮಾತಿಲ್ಲ."

"ಆತಣ್ಣಾ," ಎಂದರು ಮಾವ.

"ಇಲ್ಲಂದ್ರ ಎಲ್ಲಾರಂಗ ಮಣೂಕಾ ಮಾಡು. ಸ್ವಲ್ಪ ತಡಾ ಮಾಡಿ ಚಾಟನಿ ಮಾಡು, ಮಳಿ ಹೋಗ್ಲಿ."

"ಮಣೂಕಾ ಮಾಡವ್ರು ಊರ ತುಂಬ ಅದಾರಣ್ಣಾ. ನಂದು ತಿನ್ನೂ ಹಣ್ಣು."

ಆ ಪಡ ಹಚ್ಚಿದಾಗಿನಿಂದ ಮಾವ ಅದರಲ್ಲಿಯೇ ಇದ್ದವರು. ಒಂದೊಂದು ಬಳ್ಳಿ ಕಂಬ ಹತ್ತಿದ್ದನ್ನು ಅವರು ಕೈಯಾರೆ ಕಟ್ಟಿದ್ದರು. ಅವರಿಗೆ ಬೇರೆ ಬೆಳೆ ಬರುವುದಿಲ್ಲ ಎಂದಲ್ಲ, ಬೇರೆ ಬೆಳೆಯಲ್ಲಿ ಅವರಿಗೆ ಮನಸ್ಸಿರಲಿಲ್ಲ. ಆ ಸಲದ ಹಣ್ಣು ಗಡಿ ದಾಟಿದರೆ ಪಡ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಅಂದಿನಿಂದ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಇದೊಂದೇ.

ಚಾಟನಿ ಮಳೆಯಲ್ಲಿಯೇ ಆಯಿತು. ಚಿಗುರು ಒಡೆದ ಮೇಲೆ ಮೋಡ ಹೋಗಲೊಲ್ಲದು. ನಾನು ಹೋದಾಗಲೆಲ್ಲ ಮಾವ ಔಷಧದ ಟ್ರಾಕ್ಟರಿನ ಮೇಲೆಯೇ ಇರುತ್ತಿದ್ದರು. ಅಂಗಿ, ಟವೆಲು, ಕಣ್ಣುರೆಪ್ಪೆಯೆಲ್ಲ ನೀಲಿ. ಅಕ್ಕಪಕ್ಕದಲ್ಲಿ ಅವಸರ ಮಾಡಿದ ಇಬ್ಬರು ಮೂವರ ಗೊಂಚಲುಗಳು ಡೌನಿಗೆ ಸುಟ್ಟು ಕರಕಲಾದವು. ಮಾವನ ಪಡ ಉಳಿಯಿತು. ಆಮೇಲೆ ಗೊಂಚಲುಗಳನ್ನು ಒಂದೊಂದಾಗಿ ಔಷಧದ ನೀರಿನಲ್ಲಿ ಅದ್ದುವ ಕೆಲಸ. ಹೀಗೆ ಮತ್ತೆ ಮತ್ತೆ ಅದ್ದಿದರೆ ಕಾಯಿ ಉದ್ದವಾಗಿ, ದಪ್ಪವಾಗಿ ತುಂಬಿಕೊಳ್ಳುತ್ತದೆ. ನೋಡಲು ಚೆಂದ, ಕಡಿದರೆ ಗರಿಗರಿ. ಆದರೆ ಹಾಗೆ ಉಬ್ಬಿದ ಕಾಯಲ್ಲಿ ನೀರು ಹೆಚ್ಚು, ಸಕ್ಕರೆ ಕಡಿಮೆ. ಒಣಗಿಸಿದರೆ ಒಳ್ಳೆಯ ಮಣೂಕ ಆಗುವುದಿಲ್ಲ. ಗೊಂಚಲನ್ನು ಎರಡನೆಯ ಸಲ ಅದ್ದಿದ ದಿನವೇ ಆ ಹಣ್ಣಿಗೆ ಹಿಂದಿರುಗುವ ದಾರಿ ಮುಚ್ಚುತ್ತದೆ. ಇದು ಅಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಮಾವನ ಹಣ್ಣನ್ನು ಒಯ್ಯುತ್ತಿದ್ದವರು ವಿಜಯಪುರದ ಒಬ್ಬ ಮುಸ್ಲಿಂ ವ್ಯಾಪಾರಿ. ಅವರ ತಂದೆಯ ಕಾಲದಿಂದ ಹಣ್ಣಿನ ವ್ಯಾಪಾರ. ಇಲ್ಲಿ ಮಾಲು ತುಂಬಿಸಿ ಕೋಲ್ಕತ್ತಾದ ದಲಾಲರಿಗೆ ಕಳಿಸುವರು, ಅಲ್ಲಿಂದ ಅದು ಗಡಿ ದಾಟುವುದು. ಮಾವನಿಗೂ ಅವರಿಗೂ ನಡುವೆ ಕಾಗದ ಪತ್ರ ಎಂದೂ ಇರಲಿಲ್ಲ. ಹಣ್ಣು ಬಲಿಯುವ ಹೊತ್ತಿಗೆ ಅವರು ಪಡಕ್ಕೆ ಬರುವರು, ಸಾಲುಗಳಲ್ಲಿ ಸುತ್ತುವರು, ಒಂದು ಗೊಂಚಲು ಕೊಯ್ದು ಮಾವನ ಕೈಗೆ ಅರ್ಧ ಕೊಟ್ಟು ತಾವು ಅರ್ಧ ತಿನ್ನುವರು. ಒಂದೇ ಗೊಂಚಲಿನಿಂದ ಇಬ್ಬರೂ ತಿಂದರೆ ಸೌದಾ ಮುಗಿಯಿತು. ಆಮೇಲೆ ಬೇರೆ ವ್ಯಾಪಾರಿ ಎಷ್ಟೇ ಹೆಚ್ಚು ಹೇಳಿದರೂ ಮಾವ ಕೊಡುವಂತಿಲ್ಲ. ಬೇರೆ ವ್ಯಾಪಾರಿಗಳೂ ಕೇಳುತ್ತಿರಲಿಲ್ಲ. "ಅದು ಸೌದಾ ಆದ ಪಡಾರಿ" ಎಂದರೆ ಗೇಟಿನಿಂದಲೇ ತಿರುಗುತ್ತಿದ್ದರು.

ಆ ಸಲವೂ ಬಂದರು. ರಮ್ಜಾನ್ ಹಿಡಿಯಲು ಇನ್ನೂ ದಿನಗಳಿದ್ದವು. ಗೊಂಚಲನ್ನು ಬಿಸಿಲಿಗೆ ಹಿಡಿದು ನೋಡಿ, "ಏನ್ರಿ ಗೌಡ್ರ, ಹಣ್ಣ ಬೆಳದೀರೋ ಬಳಿ ಬೆಳದೀರೋ? ಹೆಣ್ಮಕ್ಕಳು ಕೈಗಿ ಹಾಕ್ಕೊಳ್ಳೂ ಹಂಗ ಅದಾವ," ಎಂದರು.

"ನಿಮ್ಮ ಕಣ್ಣ ಬೀಳ್ತಾವ, ಸುಮ್ಕ ತಿನ್ರಿ ಸಾವ್ಕಾರ್ರ," ಎಂದರು ಮಾವ.

ಇಬ್ಬರೂ ತಿಂದರು. ಸೌದಾ ಆಯಿತು. ಅಣ್ಣ ಹಾಕಿದ ಷರತ್ತನ್ನು ಮಾವ ಅವರಿಗೆ ಹೇಳಲಿಲ್ಲ. ಅಕ್ಕ ಹೇಳಿದಳು, ಚಹಾ ಕೊಡುವಾಗ. ಸಾವುಕಾರರು ಬಶಿಯಲ್ಲಿ ಚಹಾ ಸುರಿದುಕೊಂಡು, "ಅಕ್ಕಾರ, ನಾ ಇರೂತನಾ ನಿಮ್ಮ ಪಡಕ್ಕ ಏನೂ ಆಗೂದಿಲ್ಲ," ಎಂದರು. ಅವರಿಗೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ. ಆ ಮಾತು ಆ ಗಳಿಗೆಯ ಮಟ್ಟಿಗೆ ನಿಜವೇ ಇತ್ತು.

ಅದಾದ ಕೆಲವೇ ದಿನಕ್ಕೆ ನನ್ನ ಮೇಜಿಗೆ ಒಂದು ಸಣ್ಣ ಸುದ್ದಿ ಬಂತು. ಬಾಂಗ್ಲಾದೇಶ ಹೊರಗಿನಿಂದ ಬರುವ ತಾಜಾ ಹಣ್ಣುಗಳ ಮೇಲಿನ ಸುಂಕ ಏರಿಸಿದೆ ಎಂದು. ಡಾಲರಿನ ಕೊರತೆ, ಖಜಾನೆಯ ಕೊರತೆ, ಹಣ್ಣು ಐಷಾರಾಮಿ ವಸ್ತು ಎಂಬ ವಿವರಣೆ. ಅಲ್ಲಿಯ ಆಮದುದಾರರು ಮಾಲು ಬಿಡಿಸಿಕೊಳ್ಳಲು ನಿರಾಕರಿಸಿ ಮುಷ್ಕರ ಹೂಡಿದ್ದಾರೆ ಎಂಬ ಸುದ್ದಿಯೂ ಹಿಂದೆಯೇ ಬಂತು. ಗಡಿಯ ಈಚೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಹೇಳುವುದು ಇಲ್ಲಿ ಸುಲಭವಲ್ಲ. ಕೆಲವು ವರ್ಷಗಳಲ್ಲಿ ನಮ್ಮ ಸರ್ಕಾರವೇ ಉಳ್ಳಾಗಡ್ಡಿ ರಫ್ತನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ್ದುಂಟು. ನಮ್ಮ ಪೇಟೆಯಲ್ಲಿ ದರ ಏರಬಾರದು ಎಂಬುದು ಉದ್ದೇಶ. ಆಗ ಗಡಿಯ ಆಚೆ ಉಳ್ಳಾಗಡ್ಡಿಯಿಲ್ಲದೆ ಜನ ಪರದಾಡಿದರು. ಈಚೆ ನಮ್ಮ ಎಪಿಎಂಸಿಯಲ್ಲಿ ಬೆಳೆದವರು ಚೀಲದ ಮೇಲೆ ಕುಳಿತು ಬಾಯಿಗೆ ಬಂದಂತೆ ಬೈದರು. ಎರಡೂ ಸುದ್ದಿ ನಮ್ಮ ಪತ್ರಿಕೆಯಲ್ಲಿ ಬಂದಿದ್ದವು, ಬೇರೆ ಬೇರೆ ಪುಟಗಳಲ್ಲಿ. ದೊಡ್ಡ ದೇಶಕ್ಕೆ ಬಾಗಿಲು ಹಾಕುವುದು ಒಂದು ಆದೇಶದ ಕೆಲಸ. ಸಣ್ಣ ದೇಶವೂ ಅದನ್ನು ನೋಡಿ ಕಲಿಯುತ್ತದೆ. ಇದರ ಮೇಲೆ ರಾಜಕೀಯದ ಮುನಿಸೂ ಸೇರಿಕೊಂಡಿತ್ತು. ಎರಡೂ ಕಡೆಯವರು ಮಾತುಕತೆ ನಡೆದಿದೆ ಎನ್ನುತ್ತಿದ್ದರು. ಅಂಥ ವಾಕ್ಯವನ್ನು ನಾನು ಎಷ್ಟೋ ಸಲ ಹಾಗೆಯೇ ಬಿಟ್ಟು ಪುಟಕ್ಕೆ ಕಳಿಸಿದ್ದೇನೆ. ಅದರಲ್ಲಿ ಕತ್ತರಿಸಲು ಏನೂ ಇರುವುದಿಲ್ಲ.

ಆ ವಾರ ತಿಕೋಟಾದ ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ ಇದೇ ಮಾತು.

"ನಾವು ಉಳ್ಳಾಗಡ್ಡಿ ಬಂದ್ ಮಾಡಿದ್ವಿ, ಅವ್ರು ದ್ರಾಕ್ಷಿ ಬಂದ್ ಮಾಡಿದ್ರು. ಲೆಕ್ಕಾ ಸಮ ಆತು," ಎಂದ ಒಬ್ಬ.

"ಯಾರಿಗಿ ಸಮ ಆತಲೇ? ದಿಲ್ಲಿಗಿ ಸಮ ಆತು, ಢಾಕಾಕ್ಕ ಸಮ ಆತು. ಉಳ್ಳಾಗಡ್ಡಿನೂ ನಂದ, ದ್ರಾಕ್ಷಿನೂ ನಂದ. ನನಗ ಎರಡ ಸಲ ಹೊಡತ," ಎಂದ ಇನ್ನೊಬ್ಬ. ಜನ ನಕ್ಕರು. ಅವನೂ ನಕ್ಕ, ಆದರೆ ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಸುದ್ದಿಯನ್ನು ನಾನೇ ಮಾವನಿಗೆ ತಿಳಿಸಿದೆ. ಅವರು ಗಾಬರಿಯಾಗಲಿಲ್ಲ. "ಸಾವ್ಕಾರ್ರು ಅದಾರಲ್ಲ, ಏನರ ದಾರಿ ನೋಡ್ತಾರ," ಎಂದರು.

ಸಾವುಕಾರರ ಫೋನು ಬರಲಿಲ್ಲ. ಕೊಯ್ಲಿನ ಹೆಣ್ಣಾಳುಗಳ ಗುಂಪು ಬಂದು, ಕೆಲಸವಿಲ್ಲ ಎಂದು ಕೇಳಿ, ಬೇರೆ ಕಡೆ ಹೋಯಿತು. ರಮ್ಜಾನ್ ಹಿಡಿಯಿತು. ಹಣ್ಣು ಕೊಯ್ಲಿನ ಹದ ಮುಟ್ಟಿತ್ತು. ಆ ಹದ ಬಹಳ ದಿನ ನಿಲ್ಲುವಂಥದ್ದಲ್ಲ.

ನಾನು ಮುಂದಿನ ರಜೆಗೆ ಹೋದಾಗ ಸಾಲುಗಳ ನಡುವೆ ಜೇನ್ನೊಣ ತುಂಬಿದ್ದವು. ಗೊಂಚಲುಗಳ ತುದಿಯ ಕಾಯಿಗಳು ಮೆತ್ತಗಾಗಲು ಶುರುವಾಗಿದ್ದವು. ಮಾವ ಕತ್ತರಿ ಹಿಡಿದು ಮೆತ್ತಗಾದವನ್ನು ಒಂದೊಂದೇ ತೆಗೆದು ಕೆಳಗೆ ಹಾಕುತ್ತಿದ್ದರು. ಉಳಿದದ್ದು ಇನ್ನೂ ಚೆಂದ ಕಾಣುತ್ತಿತ್ತು.

"ಸಾವ್ಕಾರ್ರಿಗಿ ನೀವರ ಫೋನ್ ಮಾಡ್ರಲ್ಲ ಮಾಂವ," ಎಂದೆ.

"ರೋಜಾ ಇದ್ದಾಂವಗ ಫೋನ್ ಮಾಡಿ ಏನಂತ ಕೇಳೂದು? ದಿನಪೂರ್ತಿ ನೀರ ಸತೇಕ ಕುಡಿದಿರಂಗಿಲ್ಲ. ಮ್ಯಾಲೆ ಅವ್ನ ಲಾರಿ ಒಂದ ಗಡ್ಯಾಗ ನಿಂತೈತಂತ. ಅದ್ರಾಗ ಅವಂದೆಷ್ಟ ಹೋಗೇತೋ ಏನೋ. ಆ ತ್ರಾಸಿನ್ಯಾಗ ನಾ ಹೋಗಿ, ನಂದೇನ ಮಾಡ್ತಿ ಅಂತ ಕೇಳಲೇನ?"

"ಹಂಗಾರ ಬ್ಯಾರೆದವ್ರಿಗಿ ಕೊಡ್ರಿ. ಸೊಲ್ಲಾಪುರದ ವ್ಯಾಪಾರಿಗೋಳು ಬಂದಿದ್ರಂತಲ್ಲ?"

"ಬಂದಿದ್ರು. ಸೌದಾ ಆಗೇತಂತ ಹೇಳಿ ಕಳಿಸ್ದೆ."

ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಒಳಗಿನಿಂದಲೇ ಕೂಗಿದಳು. "ಕೇಳಿದ್ಯಾ? ಭಿಡೇಕ್ಕ ಬಸುರಾದ್ರ ಹಡಿಯಾಕ ಜಾಗಾ ಸಿಗಂಗಿಲ್ಲಂತ. ಇಲ್ಲಿ ಗಂಡಸ ಆಗ್ಯಾರ!"

ಮಾವ ಮೆತ್ತಗಾದ ಇನ್ನೊಂದು ಕಾಯಿ ಕತ್ತರಿಸಿ ಕೆಳಗೆ ಹಾಕಿದರು. ನನಗೆ ನಗು ಬರಲಿಲ್ಲ. ಭಿಡೆ ಎಂಬುದು ನಮ್ಮ ಕಡೆ ಒಂದು ಗುಣ. ಎದುರಿನವರಿಗೆ ಇರುಸುಮುರುಸಾಗಬಾರದು ಎಂದು ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳದಿರುವುದು. ಮನೆತನದವರಿಗೆ ಅದು ಇರಬೇಕು ಎನ್ನುತ್ತಾರೆ. ಮಾವನಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚಿತ್ತು.

ಮಧ್ಯಾಹ್ನ ನಾನು ಹೊರಟಾಗ ಅಕ್ಕ ರಸ್ತೆಯ ತನಕ ಬಂದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದಳು. "ತಮ್ಮಾ, ನೀ ಊರಾಗ ಇರ್ತಿ. ಸಾವ್ಕಾರ್ರ ಮನಿಗಿ ಹೋಗು. ನಾ ಕಳಿಸೀನಿ ಅಂತ ಹೇಳಬ್ಯಾಡ, ಇವ್ರು ಕಳಿಸ್ಯಾರಂತೂ ಹೇಳಬ್ಯಾಡ. ಸುಮ್ಕ ಹೋಗಿ ಬಂದಂಗ ಮಾಡು. ಪಡಾ ಹೋತಂದ್ರ ಇವ್ರು ಉಳಿಯಂಗಿಲ್ಲ. ಉಳಿತಾರ, ಉಂಡು ತಿಂದು ಇರ್ತಾರ, ಆದ್ರ ಈ ಮನಷಾ ಇರಂಗಿಲ್ಲ."

ಅಂದೇ ಸಂಜೆ ಹೋದೆ. ಅವರ ಮನೆ ಹಳೆಯ ಪೇಟೆಯ ಓಣಿಯೊಂದರಲ್ಲಿ. ಸೂರ್ಯ ಮುಳುಗುವ ಹೊತ್ತು ಎಂದು ಬಾಗಿಲಲ್ಲಿ ಹಿಂಜರಿದೆ. ಅವರು ಕೈ ಹಿಡಿದು ಒಳಗೆ ಕರೆದು ಕೂರಿಸಿದರು. ಚಾಪೆಯ ಮೇಲೆ ತಟ್ಟೆ ಇಟ್ಟಿದ್ದರು. ಖರ್ಜೂರ, ಕಲ್ಲಂಗಡಿ, ಮಿರ್ಚಿ ಭಜಿ, ಶರಬತ್ತು. ಬಾಂಗು ಕೇಳಿಸಿದ ಮೇಲೆ ಎಲ್ಲರೂ ಖರ್ಜೂರ ಬಾಯಿಗಿಟ್ಟರು. ನನ್ನ ಕಣ್ಣು ತಟ್ಟೆಯ ಮೇಲೆ ಸುಳಿದದ್ದನ್ನು ಸಾವುಕಾರರು ಗಮನಿಸಿದರು.

"ಈ ವರ್ಷ ಮನಿಯೊಳಗ ದ್ರಾಕ್ಷಿ ತರಬ್ಯಾಡ್ರಿ ಅಂದೀನಿ," ಎಂದರು. "ಲಾರಿಯೊಳಗಿಂದ ಪೂರಾ ರಸ ಸೋರಿತಂತ. ಕಡೀಕ ಕೋಲ್ಕತ್ತಾದಾಗ ಹೆಂಗರ ಮಾಡಿ ಮಾರ್ರಿ ಅಂತ ಹೇಳಿ ಕೈ ತೊಳಕೊಂಡೆ. ಮೂವತ್ತ ವರ್ಷದಾಗ ನಾ ಇಂಥಾದ್ದ ನೋಡಿಲ್ರಿ. ಅಲ್ಲಿ ದಲಾಲ ಅಂತಾನ, ಭಾಯ್, ಇಲ್ಲಿ ಮಂದಿ ರೋಜಾ ಬಿಡಾಕ ಬಾಳಿಹಣ್ಣ ತಿನ್ನಾಕತ್ತಾರ, ದ್ರಾಕ್ಷಿ ಕೊಳ್ಳೂ ತಾಕತ್ತ ಇಲ್ಲ ಅಂತ. ಅವ್ರ ಮ್ಯಾಲ ಸಿಟ್ಟ ಮಾಡ್ಲಿ ಹೆಂಗ?"

ಶರಬತ್ತಿನ ಗ್ಲಾಸು ಎತ್ತಿಕೊಂಡು ಅವರೇ ಕೇಳಿದರು. "ನಿಮ್ಮ ಮಾಂವಾರ್ದು ಏನ ದರಕ್ಕ ಹೋತ್ರಿ?"

"ಏನ್ರಿ?"

"ಮಾಲರಿ. ಸೊಲ್ಲಾಪುರದವ್ರಿಗಿ ಕೊಟ್ಟಾರಂತ ನಾ ತಿಳ್ಕೊಂಡೇನಿ. ಅವ್ರು ಆ ಕಡೆ ಸುತ್ತಾಡಿದ್ದು ಕೇಳಿದ್ದೆ. ಬರೊಬ್ಬರಿ ಮಾಡಿದ್ರು ಗೌಡ್ರು ಅಂದ್ಕೊಂಡೆ."

"ಇಲ್ರಿ. ಕೊಟ್ಟಿಲ್ಲ. ಸೌದಾ ಆಗೇತಂತ ಕಳಿಸಿದ್ರಂತ."

ಅವರು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟರು. "ಮಾಲ ಎಲ್ಲೈತ್ರಿ?"

"ಗಿಡದಾಗ."

"ಯಾ ಅಲ್ಲಾ," ಎಂದರು. ಹಣೆಗೆ ಕೈ ಹಚ್ಚಿಕೊಂಡು ಕುಳಿತರು. "ನಾ ಯಾವ ಮಾರಿ ಹೊತ್ಕೊಂಡು ಹೋಗಿ ನಿಮ್ಮ ಮಾಲ ನನಗ ಬ್ಯಾಡ ಅಂತ ಹೇಳ್ಲಿ? ಅಕ್ಕಾರ ಮುಂದ ಅಂಥಾ ಮಾತ ಆಡಿ ಬಂದಾಂವ ನಾ. ಗೌಡ್ರು ಶಾಣ್ಯಾ ಅದಾರ, ಪೇಪರ್ ನೋಡಿ ತಿಳ್ಕೋತಾರ, ನಾ ಹೋಗಿ ಯಾಕ ಅವ್ರಿಗಿ ಮುಜುಗರ ಮಾಡ್ಲಿ ಅಂತ ಇಲ್ಲಿ ಮುಖಾ ಮುಚ್ಕೊಂಡು ಕುಂತೆ."

ಅಲ್ಲಿಂದಲೇ ಫೋನು ಹಚ್ಚಿದರು. ನನಗೆ ಎರಡೂ ಕಡೆಯ ಮಾತು ಕೇಳಿಸಿತು.

"ಗೌಡ್ರ, ನಾ ತಪ್ಪ ಮಾಡಿದೆ. ನಾಳೆನ ಯಾರಿಗಿ ಬೇಕಾದ್ರೂ ಕೊಟ್ಟ ಬಿಡ್ರಿ. ಸೌದಾ ಬಿಟ್ಟೇನಿ."

"ಇರ್ಲಿ ಬಿಡ್ರಿ, ಅದಕ್ಯಾಕ ಇಷ್ಟ ಮನಸಿಗಿ ಹಚ್ಕೋತೀರಿ," ಎಂದಿತು ಮಾವನ ಧ್ವನಿ. "ನಿಮ್ಮದು ಊಟ ಆತೇನ? ಮದ್ಲ ಊಟ ಮಾಡ್ರಿ."

ಎರಡು ಸರ್ಕಾರಗಳು ಒಂದಕ್ಕೊಂದು ಹೇಳದೆ ಕೇಳದೆ ಬಾಗಿಲು ಹಾಕಿಕೊಂಡವು. ಅವುಗಳಿಗೆ ಯಾವ ಮುಜುಗರವೂ ಆಗಲಿಲ್ಲ. ಇಲ್ಲಿ ಇಬ್ಬರು ಮನುಷ್ಯರು ಒಬ್ಬರಿಗೊಬ್ಬರು ನೋವಾಗಬಾರದೆಂದು ಸುಮ್ಮನಿದ್ದು, ಉಳಿಯಬಹುದಾಗಿದ್ದ ಒಂದಿಷ್ಟು ದಿನಗಳನ್ನು ಕಳೆದಿದ್ದರು. ಆ ದಿನಗಳಲ್ಲಿ ಪೇಟೆ ತುಂಬಿಹೋಗಿತ್ತು. ಢಾಕಾಕ್ಕೆಂದು ಬೆಳೆದ ಎಲ್ಲರ ಹಣ್ಣೂ ಒಟ್ಟಿಗೆ ಒಳಗಿನ ಪೇಟೆಗೆ ಇಳಿದಿತ್ತು. ಸೊಲ್ಲಾಪುರದವರಿಗೆ ಫೋನು ಮಾಡಿದರೆ, ನಮ್ಮದು ಮುಗೀತ್ರಿ ಎಂದರು.

ಮರುದಿನ ಸಾವುಕಾರರು ತಿಕೋಟಾದ ಒಬ್ಬ ಮಣೂಕದ ಶೆಡ್ಡಿನ ಮಾಲೀಕರನ್ನು ಕರೆದುಕೊಂಡು ಪಡಕ್ಕೆ ಬಂದರು. ನಾನೂ ಜೊತೆಗಿದ್ದೆ. ಮಾಲೀಕರು ಒಂದು ಕಾಯಿ ಕಿತ್ತು ಹೆಬ್ಬೆರಳಿನಿಂದ ಒತ್ತಿದರು. ನೀರು ಚಿಮ್ಮಿ ಅಂಗಿಗೆ ಬಿತ್ತು. ಅವರು ನಾಲಿಗೆಗೂ ಇಟ್ಟುಕೊಳ್ಳಲಿಲ್ಲ.

"ಭಾರಿ ಬೆಳದೀರಿ ಗೌಡ್ರ. ಆದ್ರ ಇದು ಢಾಕಾದ ಹಣ್ಣು. ಇದು ಒಣಗೂದ್ರಾಗ ಜಾಳಗಿ ಬಲಿ ಮ್ಯಾಲ ಕರ್ರಗ ಅಂಟ್ಕೊಂಡ ಕುಂದ್ರತೈತಿ. ನನ್ನ ಶೆಡ್ಡಿನ್ಯಾಗ ಜಾಗಾನೂ ಇಲ್ಲ, ಇದ್ರೂ ನಾ ಹಾಕೂದಿಲ್ಲ. ಸಿಟ್ಟಾಗಬ್ಯಾಡ್ರಿ."

"ಸಿಟ್ಟ್ಯಾಕ್ರಿ. ಇದ್ದದ್ದ ಹೇಳಿದ್ರಿ," ಎಂದರು ಮಾವ. ಅವರಿಗೂ ಚಹಾ ಕುಡಿಸಿಯೇ ಕಳಿಸಿದರು. ರೋಜಾ ಇದ್ದ ಸಾವುಕಾರರು ಬೇವಿನ ಮರದ ಕೆಳಗೆ ಒಬ್ಬರೇ ನಿಂತಿದ್ದರು. ಅಕ್ಕ ಅವರ ಎದುರು ಬರಲಿಲ್ಲ. ಒಳಗೆ ಪಾತ್ರೆಗಳ ಸಪ್ಪಳ ಮಾತ್ರ ಜೋರಾಗಿತ್ತು.

ಹಣ್ಣು ಕಡೆಗೆ ವಿಜಯಪುರದ ತಳ್ಳುಗಾಡಿಗಳಿಗೆ ಹೋಯಿತು, ಒಂದಿಷ್ಟು ಸಂತೆಗಳಿಗೆ ಹೋಯಿತು. ಕೊಯ್ದವರ ಕೂಲಿಯೂ ಹುಟ್ಟಲಿಲ್ಲ ಎಂದು ತಿಳಿದ ಮೇಲೆ ಮಾವ ಉಳಿದ ಸಾಲುಗಳನ್ನು ಕೊಯ್ಯಿಸುವುದನ್ನೇ ನಿಲ್ಲಿಸಿದರು. ನಾನು ಕಚೇರಿಗೆ ನಡೆದು ಹೋಗುವ ದಾರಿಯಲ್ಲಿ ಗಾಡಿಗಳ ಮೇಲೆ ಆ ಉದ್ದ ಕಾಯಿಗಳು ರಾಶಿಯಾಗಿ ಬಿದ್ದಿರುತ್ತಿದ್ದವು. ಅವು ಮಾವನ ಪಡದವೋ ಬೇರೆಯವರವೋ ಗೊತ್ತಾಗುವಂತಿರಲಿಲ್ಲ. ಕೊಳ್ಳುವವರು ಒಂದೆರಡು ಬಾಯಿಗೆ ಹಾಕಿಕೊಂಡು, "ಸಪ್ಪಗ ಅದಾವ ಬಿಡು," ಎಂದು ಮುಂದೆ ಹೋಗುತ್ತಿದ್ದರು. ಅದೂ ನಿಜವೇ. ಅವು ಮತ್ತೊಂದು ಬಗೆಯ ನಾಲಿಗೆಗಾಗಿ ಬೆಳೆದ ಹಣ್ಣುಗಳು.

ಈದ್ ದಿನ ಮಾವ ಪ್ರತಿ ವರ್ಷದಂತೆ ಸಾವುಕಾರರ ಮನೆಗೆ ಹೋದರು. ನಾನೂ ಹೋದೆ. ಹೋಗದಿದ್ದರೆ ತಪ್ಪು ತಿಳಿಯುತ್ತಾರೆ ಎಂಬುದು ಮಾವನ ಮಾತು. ಇಬ್ಬರೂ ಅಪ್ಪಿಕೊಂಡರು. ಸುರಕುಂಬಾ ಬಂತು. ಹಾಲಿನ ಆ ಪಾಯಸವನ್ನು ಮಾವ ಎರಡನೆಯ ಸಲವೂ ಹಾಕಿಸಿಕೊಂಡರು. ಬಿಸಿಲಿನ ಮಾತಾಯಿತು, ವಿಜಯಪುರದ ರಸ್ತೆ ಅಗೆದಿರುವ ಮಾತಾಯಿತು, ಸಾವುಕಾರರ ಮೊಣಕಾಲು ನೋವಿನ ಮಾತಾಯಿತು. ದ್ರಾಕ್ಷಿ ಎಂಬ ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ಏಳುವಾಗ ಸಾವುಕಾರರು ಏನೋ ಹೇಳಲು ಬಾಯಿ ತೆರೆದರು. ಮಾವ ಅವರ ಹೆಗಲು ತಟ್ಟಿ, "ಮೊಣಕಾಲಿಗಿ ಎಣ್ಣಿ ಹಚ್ಕೋರಿ," ಎಂದು ಚಪ್ಪಲಿ ಮೆಟ್ಟಿಕೊಂಡರು.

ಮಾವನ ಅಣ್ಣ ಈದ್ ಆಗುವ ತನಕ ಬಂದಿರಲಿಲ್ಲ. ಬಂದಾಗ ಗೆದ್ದವರ ಹಾಗೆ ಬರಲಿಲ್ಲ. ಸಾಲುಗಳಲ್ಲಿ ಒಬ್ಬರೇ ಸುತ್ತಾಡಿ ಬಂದು ಕಟ್ಟೆಯ ಮೇಲೆ ಕುಳಿತರು. ಕೊಯ್ಯದೆ ಬಿಟ್ಟ ಗೊಂಚಲುಗಳು ಬಳ್ಳಿಯಲ್ಲೇ ಕಂದಿ ಜೋತಿದ್ದವು. ಕೆಳಗಿನ ಮಣ್ಣು ಅಂಟಂಟಾಗಿತ್ತು.

"ಒಂದ ಸಾಲ ಬಳ್ಳಿ ಇಟ್ಕೋ. ಮನಿಗಿ ತಿನ್ನಾಕ ಆಗ್ತೈತಿ," ಎಂದರು ತಮ್ಮನಿಗೆ.

"ಒಂದ ಸಾಲಂತ ಡೌನಿ ಬಿಡ್ತೈತೇನಣ್ಣಾ? ಅದಕ್ಕೂ ಅಷ್ಟ ಔಷಧ, ಅಷ್ಟ ಚಾಟನಿ. ಬ್ಯಾಡ."

"ಸಿಟ್ಟಿಲೆ ಅನ್ನಬ್ಯಾಡ."

"ಸಿಟ್ಟ ಇಲ್ಲಣ್ಣಾ. ಮಾತ ಆಗಿತ್ತಲ್ಲ."

ಜೆಸಿಬಿ ಬಂತು. ಮೊದಲು ತಂತಿ ಬಿಚ್ಚಿ ಸುರುಳಿ ಸುತ್ತಿದರು, ಕಬ್ಬಿಣದ ಕಂಬ ಕಿತ್ತು ಒಂದು ಕಡೆ ಪೇರಿಸಿದರು. ಆಮೇಲೆ ಬಳ್ಳಿ. ಅಷ್ಟು ವರ್ಷದ ಬೇರು ಗಟ್ಟಿಯಾಗಿರುತ್ತದೆ, ಬಹಳ ಹೊತ್ತು ಹಿಡಿಯುತ್ತದೆ ಎಂದು ನಾನು ಅಂದುಕೊಂಡಿದ್ದೆ. ಹನಿ ನೀರಾವರಿಯ ಬಳ್ಳಿಯ ಬೇರು ಆಳಕ್ಕೆ ಇಳಿದಿರಲಿಲ್ಲ. ಬಳ್ಳಿಗಳು ಒಂದೇ ಎಳೆತಕ್ಕೆ ಬರುತ್ತಿದ್ದವು. ಮಾವ ದೂರದಲ್ಲಿ ನಿಂತು ಚಾಲಕನಿಗೆ ಎಲ್ಲಿ ಪೈಪಿದೆ, ಎಲ್ಲಿ ತಿರುಗಿಸಬೇಕು ಎಂದು ಕೈಸನ್ನೆ ಮಾಡುತ್ತಿದ್ದರು. ಕೆಲಸ ಹಾಳಾಗಬಾರದು ಎಂಬ ಎಚ್ಚರ ಅವರ ಮುಖದಲ್ಲಿ ಎಂದಿನಂತೆಯೇ ಇತ್ತು.

ಊಟಕ್ಕೆ ಕುಳಿತಾಗ ನನ್ನನ್ನು ಕೇಳಿದರು. "ಇದು ನಿಮ್ಮ ಪೇಪರ್‌ನ್ಯಾಗ ಬರ್ತೈತೇನ?"

"ಯಾವ್ದ್ರಿ?"

"ಪಡಾ ತಗದದ್ದು."

"ಸುಂಕದ್ದು ಬಂದೈತ್ರಿ ಮಾಂವ. ಒಬ್ಬರ ಪಡಾ ತಗದದ್ದು ಸುದ್ದಿ ಆಗೂದಿಲ್ಲ."

"ಹೌದ ಬಿಡು. ಎಷ್ಟ ಮಂದೀದಂತ ಬರೀತೀರಿ," ಎಂದು ರೊಟ್ಟಿ ಮುರಿದರು.

ಹೊಲದಲ್ಲಿ ಕಬ್ಬು ಹಚ್ಚಿದ ಮೇಲೆ ಮತ್ತೊಮ್ಮೆ ಹೋಗಿದ್ದೆ. ಬಸ್ಸು ಇನ್ನೂ ದೂರವಿರುವಾಗಲೇ ಮನೆ ಕಂಡಿತು. ಅಷ್ಟು ವರ್ಷ ರಸ್ತೆಗೂ ಮನೆಗೂ ನಡುವೆ ಬಳ್ಳಿಯ ಚಪ್ಪರವಿತ್ತು. ಈಗ ಅಂಗಳ, ಬಚ್ಚಲು, ಒಣಹಾಕಿದ ಬಟ್ಟೆ, ಎಲ್ಲವೂ ಕಿಟಕಿಯಲ್ಲಿ ಕುಳಿತವರಿಗೆ ಬಯಲಾಗಿ ಕಾಣುತ್ತಿದ್ದವು. ಬಸ್ಸಿನ ಜನ ತಿರುಗಿ ನೋಡಿದರು. ನಾನು ಇಳಿದು ಹೋದಾಗ ಅಕ್ಕ ಎರಡು ಕಂಬದ ನಡುವೆ ಹಸಿರು ಬಲೆಯೊಂದನ್ನು ಕಟ್ಟುತ್ತಿದ್ದಳು. ಒಂದು ತುದಿ ಗಾಳಿಗೆ ಹಾರಾಡುತ್ತಿತ್ತು. ನಾನು ಅದನ್ನು ಹಿಡಿದುಕೊಂಡೆ.

ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ಮಾಡುವ ಕೆಲಸವಿರಲಿಲ್ಲ. ಕಬ್ಬಿಗೆ ಅಷ್ಟು ಕೆಲಸವಿರುವುದಿಲ್ಲ.

"ಅದನ್ಯಾಕ ಕಟ್ಟಾಕತ್ತಿ," ಎಂದರು ಅಕ್ಕನಿಗೆ. "ಕಬ್ಬ ಎದ್ದ ಮ್ಯಾಲ ಅಂಗಳಕ್ಕ ತಾನ ಮರೆ ಆಗ್ತೈತಿ."

"ಆಗ್ಲಿ," ಎಂದಳು ಅಕ್ಕ. ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು.